ಹದಿನಾಲ್ಕು ಸೆಕೆಂಡುಗಳ ಕಳವು

ಆ ಬೆಳಿಗ್ಗೆ ಬಿದ್ದ ಮಂಜು ಎಂಥದೆಂದರೆ, ದೀಪದಕ್ಕ ತನ್ನ ಮನೆಯ ಮೆಟ್ಟಿಲಿಳಿದು, ಮೂವತ್ತು ವರ್ಷದಿಂದ ತೆಗೆದು ಮುಚ್ಚಿದ ಗೇಟನ್ನೇ ಕೈಯಿಂದ ತಡಕಿ ಹುಡುಕಬೇಕಾಯಿತು. ಬೀದಿ ಕಾಣಲಿಲ್ಲ, ಎದುರುಮನೆ ಕಾಣಲಿಲ್ಲ. ದೇವರು ಲೋಕವನ್ನು ಒಮ್ಮೆ ಒರೆಸಿ, ಮತ್ತೆ ಏನು ಬರೆಯಲಿ ಎಂದು ಯೋಚಿಸುತ್ತ ಕೂತಂತಿತ್ತು. ಚಳಿಗೆ ಅವಳ ಎಡಗಾಲಿನ ಹಳೇ ಮುರಿತ ಚುರುಕ್ ಎಂದಿತು.

"ಇದ್ದೀಯಾ? ಇರು, ಇರು" ಎಂದು ಕಾಲಿಗೆ ಸಮಾಧಾನ ಹೇಳಿ ಅವಳು ಮೊಬೈಲು ನೋಡಿದಳು. ದಿನವೂ ಆರು ಗಂಟೆಗೆ ಬರುವ ಸಂದೇಶ ಬಂದಿತ್ತು.

‘ದೀಪ ಸಾವಿರದ ಎಂಟುನೂರು. ಓಗೊಟ್ಟದ್ದು ಸಾವಿರದ ಎಂಟುನೂರು. ಎಲ್ಲ ಕ್ಷೇಮ.’

ಅದನ್ನು ಓದಿದ ಮೇಲೆಯೇ ಅವಳಿಗೆ ಕಾಫಿ ರುಚಿಸುವುದು. ಆದರೆ ಅಂದು ಕಾಫಿಗೆ ಮೊದಲೇ ಫೋನು ಬಂತು. ನಡಿಗೆಮನೆಯ ದೊಡ್ಡ ಡಾಕ್ಟರಮ್ಮ.

"ಎಲ್ಲ ಕ್ಷೇಮ ಅಂತ ಬಂತೇನಮ್ಮ?"

"ಬಂತು ಡಾಕ್ಟರಮ್ಮ."

"ಹಾಗಾದ್ರೆ ನಿನ್ನ ಪೆಟ್ಟಿಗೆ ಸುಳ್ಳು ಹೇಳ್ತಿದೆ. ಬೇಗ ಬಾ."

ನಡಿಗೆಮನೆ ಎಂದರೆ, ಕಾಲು ಮುರಿದವರು, ಸೊಂಟ ಬಿದ್ದವರು, ಒಂದು ಮಗ್ಗುಲು ಸ್ವಾಧೀನ ತಪ್ಪಿದವರು ಮತ್ತೆ ನಡೆಯಲು ಕಲಿಯುವ ಆಸ್ಪತ್ರೆ. ಅದರ ಬೆನ್ನಿಗೆ ಅರವತ್ತು ಮೀಟರಿನ ಒಂದು ಓಣಿ. ಒಂದು ಕಡೆ ಕಿಟಕಿ, ಇನ್ನೊಂದು ಕಡೆ ಗೋಡೆ. ಆ ಗೋಡೆಯ ಬುಡದುದ್ದಕ್ಕೂ ದೀಪದಕ್ಕ ಎರಡು ವರ್ಷದ ಹಿಂದೆ ಸಾವಿರದ ಎಂಟುನೂರು ಪಿಕ್ಸೆಲ್ ದೀಪ ಕೂರಿಸಿದ್ದಳು. ಒಂದೊಂದೂ ಕಡಲೆಕಾಳಿನಷ್ಟು. ಒಂದೊಂದಕ್ಕೂ ಒಂದು ಸಂಖ್ಯೆ. ಯಾವುದನ್ನು ಕರೆದರೆ ಅದೇ ಬೆಳಗುವುದು. ಅವುಗಳನ್ನು ಸಾಲಾಗಿ ಕರೆಯುತ್ತ ಹೋದರೆ ಗೋಡೆಯ ಬುಡದಲ್ಲಿ ಒಂದು ಮೊಳದುದ್ದದ ನೀಲಿ ಬೆಳಕು ನಡೆಯತೊಡಗುತ್ತದೆ. ಅದರ ಜೊತೆ ರೋಗಿ ನಡೆಯಬೇಕು. ಅಷ್ಟೇ ವಿದ್ಯೆ.

ಕರೆಯುವ ಕೆಲಸ ಓಣಿಯ ತುದಿಯ ಗೂಡಿನಲ್ಲಿರುವ ಪೆಟ್ಟಿಗೆಯದು. ಊಟದ ಡಬ್ಬಿಗಿಂತ ದೊಡ್ಡದಲ್ಲ. ಅದಕ್ಕೆ ಕಂಪ್ಯೂಟರಿನ ಹಂಗಿಲ್ಲ, ಇಂಟರ್ನೆಟ್ಟಿನ ಹಂಗಿಲ್ಲ. ಹೊಟ್ಟೆಯಲ್ಲಿ ಉಗುರಗಲದ ಮೆಮೊರಿ ಕಾರ್ಡು, ಅದರಲ್ಲಿ ಆರು ಪಾಠ. ಹೊರಗೆ ಆರು ಗುಂಡಿ. ಒಂದನೇ ಪಾಠ ಆಮೆಯದು. ಆರನೆಯದು ಆರೋಗ್ಯವಂತನದು—ಅರವತ್ತು ಮೀಟರು, ಅರವತ್ತು ಸೆಕೆಂಡು. ಪಾಠ ಹೇಳುವುದರ ಜೊತೆಗೆ ಆ ಪೆಟ್ಟಿಗೆ ತನ್ನ ದಿನಚರಿಯನ್ನೂ ಬರೆದುಕೊಳ್ಳುತ್ತದೆ. ಎಷ್ಟು ದೀಪ ಓಗೊಟ್ಟವು, ಕರೆಂಟು ಹೇಗಿತ್ತು, ಒಳಗೆ ಸೆಕೆ ಎಷ್ಟು, ಬಾಗಿಲು ಯಾವಾಗ ತೆರೆಯಿತು, ಯಾವ ಪಾಠ ಯಾವಾಗ ಶುರುವಾಗಿ ಯಾವಾಗ ಮುಗಿಯಿತು—ಎಲ್ಲವನ್ನೂ. ಅದರ ಸಾರವೇ, ಒಳಗಿನ ಸಿಮ್ಮಿನಿಂದ ಬರುವ ಬೆಳಗಿನ ಆ ಒಂದು ಸಾಲು.

ಡಾಕ್ಟರಮ್ಮನ ಕೋಣೆಯಲ್ಲಿ ಅಂಚೆಯಣ್ಣ ಕೂತಿದ್ದ. ಪಕ್ಕದಲ್ಲಿ ಅವನ ಹೆಂಡತಿ, ಮಡಿಲಲ್ಲಿ ಉಲ್ಲನ್ನಿನ ಉಂಡೆ. ಇಬ್ಬರ ಮುಖವೂ ಸಪ್ಪಗಿತ್ತು. ಸೈಕಲ್ಲಿನಿಂದ ಬಿದ್ದು ತೊಡೆಮೂಳೆ ಮುರಿದುಕೊಂಡು ಎರಡು ತಿಂಗಳ ಹಿಂದೆ ಬಂದವನು. ಒಂದನೇ ಪಾಠದಿಂದ ಆರನೇ ಪಾಠದವರೆಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿದ್ದ.

"ನಿನ್ನೆ ಇವರ ಕಚೇರಿಯವರು ನಡೆಸಿ ನೋಡಿದ್ರು" ಎಂದರು ಡಾಕ್ಟರಮ್ಮ. "ಹೆಗಲಿಗೆ ಚೀಲ, ಆರುನೂರು ಮೀಟರು, ಹತ್ತು ನಿಮಿಷ. ಇಲ್ಲಿ ಆರನೇ ದೀಪದ ಜೊತೆ ಹತ್ತು ಸಲ ಹೋಗಿಬಂದವರಿಗೆ ಅದು ಲೆಕ್ಕವಾ? ಧೈರ್ಯವಾಗಿ ಕಳಿಸಿದೆ."

"ಎಷ್ಟಾಯ್ತು?"

"ಹನ್ನೆರಡು ನಿಮಿಷ ಇಪ್ಪತ್ತು ಸೆಕೆಂಡು" ಎಂದ ಅಂಚೆಯಣ್ಣ, ಬೇರೆ ಯಾರದೋ ಕಾಯಿಲೆ ಹೇಳುವವನಂತೆ.

"ಈಗ?"

"ಹನ್ನೆರಡು ದಿನ ಬಿಟ್ಟು ಇನ್ನೊಂದು ಸಲ ನೋಡ್ತಾರಂತೆ. ಅದೂ ಆಗ್ಲಿಲ್ಲ ಅಂದ್ರೆ ಮೊಹರು ಹೊಡೆಯೋ ಮೇಜು, ಕಾಯಂ." ಅವನು ತನ್ನ ಅಂಗೈ ನೋಡಿಕೊಂಡ. "ಇಪ್ಪತ್ತೆರಡು ವರ್ಷ ಒಂದೇ ಬೀಟು ಅಕ್ಕ. ಮುನ್ನೂರ ಹನ್ನೊಂದು ಬಾಗಿಲು. ಯಾವ ನಾಯಿ ಕಚ್ಚುತ್ತೆ, ಯಾವುದು ಬರೀ ಬೊಗಳುತ್ತೆ, ಎಲ್ಲ ಗೊತ್ತು. ಮೇಜಿನ ಹತ್ರ ನಾಯಿ ಕೂಡ ಬರಲ್ಲ."

"ಸಂಜೆಯೊಳಗೆ ನನಗೆ ಕಾರಣ ಬೇಕು" ಎಂದರು ಡಾಕ್ಟರಮ್ಮ. "ಇಲ್ಲದಿದ್ರೆ ನಾಳೆ ಆ ದೀಪ ಬಿಚ್ಚಿಸ್ತೀನಿ. ಇವರಿಗೆ ಇರೋದು ಹನ್ನೆರಡೇ ದಿನ. ನಂಬಿಕೆ ಇಲ್ಲದ ದೀಪದ ಹಿಂದೆ ಇವರನ್ನ ಇನ್ನೊಂದು ದಿನವೂ ನಡೆಸಲ್ಲ."

ದೀಪದಕ್ಕ ಕಚೇರಿಯವರು ಕೊಟ್ಟ ಚೀಟಿ ಕೇಳಿದಳು. ಅವರ ಅಂಗಳದ ಸುತ್ತು ಅರವತ್ತು ಮೀಟರಿನದು. ಹತ್ತು ಸುತ್ತು ನಡೆಸಿ ಒಂದೊಂದರ ಸಮಯವನ್ನೂ ಬರೆದಿದ್ದರು. ಎಪ್ಪತ್ತನಾಲ್ಕು, ಎಪ್ಪತ್ತನಾಲ್ಕು, ಎಪ್ಪತ್ತಮೂರು, ಎಪ್ಪತ್ತನಾಲ್ಕು, ಎಪ್ಪತ್ತೈದು...

ಅವಳು ಬೆರಳಿಟ್ಟು ಕೊನೆಯವರೆಗೂ ಓದಿದಳು. ಮತ್ತೆ ಮೇಲಿನಿಂದ ಓದಿದಳು.

"ಡಾಕ್ಟರಮ್ಮ, ಸೋತ ಕಾಲು ಹೀಗೆ ಸೋಲುತ್ತಾ?"

"ಅಂದ್ರೆ?"

"ಸುಸ್ತಾದವನು ಮೊದಲು ಬೇಗ ಹೋಗ್ತಾನೆ, ಆಮೇಲೆ ನಿಧಾನ ಆಗ್ತಾನೆ. ಇವರು ಮೊದಲ ಸುತ್ತಲ್ಲೂ ಹದಿನಾಲ್ಕು ಸೆಕೆಂಡು ತಡ, ಕೊನೇ ಸುತ್ತಲ್ಲೂ ಅಷ್ಟೇ ತಡ. ಇದು ಕಾಲಿನ ತಪ್ಪಲ್ಲ. ಕಾಲಿಗೆ ಹೀಗೇ ಪಾಠ ಆಗಿದೆ."

ಡಾಕ್ಟರಮ್ಮ ಚೀಟಿ ಇಸಿದುಕೊಂಡು ತಾವೇ ಓದಿದರು.

ಎಲ್ಲರೂ ಓಣಿಗೆ ಬಂದರು. ದೀಪದಕ್ಕನ ಕೈ ಅಭ್ಯಾಸಬಲದಿಂದ ಚೀಲದ ಪಕ್ಕದ ಜೇಬಿಗೆ ಹೋಗಿ, ಖಾಲಿಯಾಗಿ ಮರಳಿತು. ಅಲ್ಲಿ ಅವಳಪ್ಪನ ಸ್ಟಾಪ್‌ವಾಚ್ ಇರುತ್ತಿತ್ತು. ಅಪ್ಪ ಈಜುಕೊಳದಲ್ಲಿ ಪಂದ್ಯಗಳಿಗೆ ಸಮಯ ಹಿಡಿಯುತ್ತಿದ್ದವರು. ಕೀಲಿ ಕೊಡುವ ಹಳೇ ಗಡಿಯಾರ, ಗಾಜಿನ ಮೇಲೆ ಒಂದು ಗೀರು, ನೀರು ಕುಡಿದು ಕಪ್ಪಾದ ತೊಗಲಿನ ದಾರ. ದೀಪ ಕೂರಿಸಿದ ದಿನ ಆರೂ ಪಾಠವನ್ನು ಅದರಲ್ಲೇ ಅಳೆದು, ‘ಆಗಾಗ ಅಳೀತಾ ಇರಿ’ ಎಂದು, ರೋಗಿಗಳನ್ನು ನಡೆಸುವ ನಡಿಗೆ ಮೇಷ್ಟ್ರ ಕೈಗೆ ಕೊಟ್ಟಿದ್ದಳು. ಹೋದ ವರ್ಷ ಅವರು ಅದನ್ನು ಎಲ್ಲೋ ಕಳೆದುಕೊಂಡಿದ್ದರು. ಕಳೆದದ್ದಕ್ಕೆ ಅವಳಿಗಿಂತ ಅವರೇ ಹೆಚ್ಚು ನೊಂದುಕೊಂಡಿದ್ದರಿಂದ ಅವಳು ಮತ್ತೆ ಆ ಮಾತೆತ್ತಿರಲಿಲ್ಲ.

ಮೊಬೈಲಿನ ಗಡಿಯಾರ ಒತ್ತಿ, ಆರನೇ ಗುಂಡಿ ಒತ್ತಿದಳು. ನೀಲಿ ಬೆಳಕು ಎದ್ದು ಹೊರಟಿತು. ನೋಡುವುದಕ್ಕೆ ಯಾವ ಕುಂದೂ ಇಲ್ಲ, ನೀರಿನಂತೆ ಸಾಗಿತು. ಆ ತುದಿ ಮುಟ್ಟಿ ಆರಿತು.

ಎಪ್ಪತ್ತನಾಲ್ಕು.

"ಕಳವಾಗಿದೆ" ಎಂದಳು ದೀಪದಕ್ಕ. "ಯಾರೋ ಒಂದು ನಿಮಿಷದ ಪಾಠಕ್ಕೆ ಹದಿನಾಲ್ಕು ಸೆಕೆಂಡು ಸೇರಿಸಿದ್ದಾರೆ. ಸೇರಿಸಿದ್ದು ಪಾಠಕ್ಕೆ, ಕದ್ದದ್ದು ಇವರ ಕಾಲಿಂದ."

"ಪೆಟ್ಟಿಗೆ ತಾನಾಗೇ ನಿಧಾನ ಆಗಿರಬಾರದಾ?"

"ಆಗಲ್ಲ. ಒಳಗೆ ಬೀಗದ ಹಿಂದೆ ಎರಡು ಗುಂಡಿ ಇದೆ. ವೇಗ ಹೆಚ್ಚಿಸೋಕೆ ಒಂದು, ತಗ್ಗಿಸೋಕೆ ಒಂದು. ಯಾರೋ ಬೆರಳಿಟ್ಟು ಒತ್ತಿದ್ರೇನೇ ಆಗೋದು."

ಡಾಕ್ಟರಮ್ಮ ಅಂಚೆಯಣ್ಣನ ಹೆಂಡತಿಯ ಕಡೆ ಒಮ್ಮೆ ನೋಡಿದರು. ಎರಡು ತಿಂಗಳಿಂದ ಆಕೆ ಕೂತಿದ್ದ ಕುರ್ಚಿ ಆ ಗೂಡಿನ ಪಕ್ಕದಲ್ಲೇ ಇತ್ತು. ಉಲ್ಲನ್ನಿನ ಚೀಲ ಪೆಟ್ಟಿಗೆಯ ಕೆಳಗೇ ಇತ್ತು.

ಮೊದಲು ಆಕೆಯನ್ನೇ ಕರೆದಳು ದೀಪದಕ್ಕ.

"ಅತ್ತಿಗೆ, ಪೆಟ್ಟಿಗೆ ಮುಟ್ಟಿದ್ದೀರಾ?"

"ಮುಟ್ಟಿದ್ದೀನಿ" ಎಂದಳು ಆಕೆ, ಹೆಣಿಗೆಯಿಂದ ಕಣ್ಣೆತ್ತದೆ. "ದಿನಾ ಧೂಳು ಒರೆಸ್ತೀನಿ. ನನ್ನ ಗಂಡನಿಗೆ ನಡೆಯೋದು ಕಲಿಸೋ ವಸ್ತು, ಧೂಳು ಹಿಡಿಯೋಕೆ ಬಿಡಲಾ?"

"ಗುಂಡಿ?"

ಕಡ್ಡಿಗಳು ನಿಂತವು.

"ಒಂದು ದಿನ. ಇವರಿಗೆ ಮುಖ ಎಲ್ಲ ಬೆವರು. ಐದು ಒತ್ತು ಅಂದ್ರು. ನಾನು ನಾಲ್ಕು ಒತ್ತಿದೆ. ಹತ್ತು ಹೆಜ್ಜೆ ಹೋಗೋದ್ರೊಳಗೆ ಗೊತ್ತಾಗಿಬಿಡ್ತು. ಎರಡು ದಿನ ಮಾತು ಬಿಟ್ರು."

"ಒಂದೂವರೆ ದಿನ" ಎಂದ ಅಂಚೆಯಣ್ಣ.

"ಎರಡು. ಎರಡನೇ ದಿನ ಸಾಯಂಕಾಲ ಉಪ್ಪು ಕೇಳಿದ್ದು ಮಾತಿಗೆ ಲೆಕ್ಕ ಇಲ್ಲ."

ದೀಪದಕ್ಕ ನಗು ಅದುಮಿಕೊಂಡು ಅವನ ಕಡೆ ತಿರುಗಿದಳು. "ನಾಲ್ಕಕ್ಕೂ ಐದಕ್ಕೂ ಹತ್ತು ಹೆಜ್ಜೇಲಿ ವ್ಯತ್ಯಾಸ ಹಿಡಿದೋರು ನೀವು. ಆರರಲ್ಲಿ ನಿಮಗೇನೂ ಅನ್ನಿಸಲಿಲ್ವಾ?"

ಅಂಚೆಯಣ್ಣ ಯೋಚಿಸಿದ. "ಅನ್ನಿಸ್ತು. ಈಚೆಗೆ ಕಾಲಿಗೆ ಇನ್ನೂ ಬೇಕು ಬೇಕು ಅನ್ನಿಸ್ತಿತ್ತು. ಆದ್ರೆ ದೀಪ ದಾಟಬಾರದು ಅಂತ ಇಲ್ಲಿ ನಿಯಮ ಅಲ್ವಾ? ಹಿಡ್ಕೊಂಡು ನಡೆದೆ. ನಿನ್ನೆ ಅಲ್ಲಿ ದೀಪ ಇರಲಿಲ್ಲ. ಆದ್ರೂ ಮುಂದೆ ಅದೇ ಹೋಗ್ತಿರೋ ಹಾಗೆ ನಡೆದುಬಿಟ್ಟೆ."

ಆಮೇಲೆ ಬೀಗದ ಮಾವ. ನಡಿಗೆಮನೆಯ ಕಾವಲುಗಾರ. ಸೊಂಟದಲ್ಲಿ ನಲವತ್ತು ಬೀಗದ ಕೈಗಳ ಗೊಂಚಲು. ಅವರು ಬರುವುದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತಿತ್ತು.

"ಮಾವ, ಪೆಟ್ಟಿಗೆಗೆ ಎಷ್ಟು ಬೀಗದ ಕೈ?"

"ಮೂರು. ಒಂದು ನಿನ್ನ ಹತ್ರ. ಒಂದು ಮೇಷ್ಟ್ರ ಹತ್ರ. ಒಂದು ಇಲ್ಲಿ" ಎಂದು ಸೊಂಟ ತಟ್ಟಿಕೊಂಡರು. "ಇದು ಇಲ್ಲಿಂದ ಇಳೀಬೇಕಾದ್ರೆ ಪುಸ್ತಕದಲ್ಲಿ ಸಹಿ ಬೀಳಬೇಕು."

"ನೀವೇ ತೆಗೆದ್ರೆ?"

"ನಾನೂ ಹಾಕ್ತೀನಿ. ನನಗೆ ನಾನೇ ಕೊಟ್ಟೆ ಅಂತ ಒಂದು ಸಹಿ, ನನ್ನಿಂದ ನಾನೇ ತಗೊಂಡೆ ಅಂತ ಇನ್ನೊಂದು. ಬೇಕಾದ್ರೆ ನೋಡು."

ಪುಸ್ತಕ ತಂದರು. ನಿಜ. ಪೆಟ್ಟಿಗೆಯ ಕೈ ಎರಡು ವರ್ಷದಲ್ಲಿ ಒಮ್ಮೆ ಮಾತ್ರ ಇಳಿದಿತ್ತು, ಹಲ್ಲಿ ಸೇರಿಕೊಂಡಿದ್ದಾಗ. ಕಾರಣದ ಜಾಗದಲ್ಲಿ ‘ಹಲ್ಲಿ’ ಎಂದೂ, ಹಿಂದಿರುಗಿಸಿದ ಜಾಗದಲ್ಲಿ ‘ಹಲ್ಲಿ ಕ್ಷೇಮ’ ಎಂದೂ ಬರೆದಿತ್ತು.

ಅಷ್ಟರಲ್ಲಿ ನಡಿಗೆ ಮೇಷ್ಟ್ರು ಬಂದರು. ಬಿಳೀ ಕ್ಯಾನ್ವಾಸ್ ಬೂಟು, ಇಸ್ತ್ರಿ ಮಾಡಿದ ಅಂಗಿ, ಬೆಳ್ಳಿಯಂಥ ಕೂದಲು. ಮೂವತ್ತೈದು ವರ್ಷದಿಂದ ಅವರು ಈ ಓಣಿಯಲ್ಲಿ ರೋಗಿಗಳ ಜೊತೆ ನಡೆದಿದ್ದಾರೆ. ಹಿಂದೆಯಲ್ಲ, ಮುಂದೆಯಲ್ಲ—ಪಕ್ಕದಲ್ಲಿ, ರೋಗಿಯ ಮೊಣಕೈಯಡಿ ಒಂದೇ ಒಂದು ಬೆರಳಿಟ್ಟು. ದೀಪ ಬಂದ ಮೇಲೂ ಆ ಬೆರಳು ತಪ್ಪಿರಲಿಲ್ಲ.

ದೀಪದಕ್ಕನ ಕಾಲೂ ಆ ಬೆರಳಿನದೇ ದಾನ. ಇಪ್ಪತ್ತಾರನೇ ವಯಸ್ಸಿನಲ್ಲಿ ಬೀದಿ ಕಂಬದ ಏಣಿಯಿಂದ ಬಿದ್ದು, ಇನ್ನು ನಡೆದ ಹಾಗೇ ಎಂದು ಅತ್ತವಳನ್ನು ಮೂರು ತಿಂಗಳು ನಡೆಸಿದವರು ಇವರೇ. ಬಿದ್ದುಬಿಡ್ತೀನಿ ಎಂದಾಗಲೆಲ್ಲ ‘ಬೀಳು, ನಾನಿದ್ದೀನಿ’ ಎನ್ನುತ್ತಿದ್ದರು. ಅವಳು ಒಂದು ಸಲವೂ ಬೀಳಲಿಲ್ಲ.

"ಏನು ಮಗಳೇ, ಬೆಳಿಗ್ಗೇನೇ ಪೆಟ್ಟಿಗೆ ಮುಂದೆ?"

"ದೀಪ ನಿಧಾನ ಆಗಿದೆ ಮೇಷ್ಟ್ರೇ. ನಿಮಗೇನಾದ್ರೂ ಅನ್ನಿಸಿತ್ತಾ?"

"ಹೌದಾ?" ಅವರು ಬೆಳಕಿಲ್ಲದ ಗೋಡೆಯ ಬುಡ ನೋಡಿದರು. ಎಡಗೈ ಕಿಟಕಿಯ ಕೆಳಗಿನ ಸರಳು ಹಿಡಿದಿತ್ತು. "ವಯಸ್ಸಾದ ಕಣ್ಣು. ಏನು ಗೊತ್ತಾಗುತ್ತೆ? ಹುಡುಕು. ನೀನು ಹುಡುಕ್ತೀಯ."

ಅವರನ್ನು ಇನ್ನೇನು ಕೇಳುವುದು? ಅವಳು ಪೆಟ್ಟಿಗೆ ತೆರೆದು, ಅಂಗೈಯಗಲದ ಪರದೆಯ ಮೇಲೆ ದಿನಚರಿ ಓದಲು ಕೂತಳು. ಅಂಚೆಯಣ್ಣನ ಹೆಂಡತಿ ತನ್ನ ಕುರ್ಚಿ ಬಿಟ್ಟುಕೊಟ್ಟಳು.

ಎರಡು ವರ್ಷ ಅವಳು ಆ ದಿನಚರಿಯಲ್ಲಿ ಹುಡುಕಿದ್ದು ಕೆಂಪು ಗೆರೆಯನ್ನು ಮಾತ್ರ. ದೀಪ ಸತ್ತರೆ ಕೆಂಪು. ಕರೆಂಟು ಕುಸಿದರೆ ಕೆಂಪು. ಸೆಕೆ ಮೀರಿದರೆ ಕೆಂಪು. ಅವಳ ಕಸುಬಿನವರೆಲ್ಲ ಹಾಗೆಯೇ. ದೀಪ ಬದುಕಿದೆಯೇ ಎಂದು ನೋಡುತ್ತಾರೆ, ಹೊತ್ತಿಗೆ ಸರಿಯಾಗಿ ಬಂತೇ ಎಂದು ನೋಡುವುದಿಲ್ಲ. ತಡವಾಗಿ ಬಂದ ದೀಪಕ್ಕೆ ಪೆಟ್ಟಿಗೆ ಕೆಂಪು ಗೆರೆ ಎಳೆಯುವುದಿಲ್ಲ. ಯಾರೋ ಬೇಕೆಂದೇ ತಗ್ಗಿಸಿದ ವೇಗ ಅದರ ಲೆಕ್ಕದಲ್ಲಿ ದೋಷವಲ್ಲ, ಅಪ್ಪಣೆ. ಹಾಗಾಗಿ ಎಲ್ಲ ಕ್ಷೇಮ.

ಪೆಟ್ಟಿಗೆ ಸುಳ್ಳು ಹೇಳಿರಲಿಲ್ಲ. ಕೇಳದ್ದನ್ನು ಹೇಳಿರಲಿಲ್ಲ, ಅಷ್ಟೇ.

ಅವಳು ಆರನೇ ಪಾಠದ ಶುರು–ಮುಗಿತಾಯಗಳನ್ನು ಹಿಂದಕ್ಕೆ ಹಿಂದಕ್ಕೆ ಓದಿದಳು. ಈ ವಾರ ಎಪ್ಪತ್ತನಾಲ್ಕು. ಹೋದ ತಿಂಗಳು ಎಪ್ಪತ್ತೆರಡು. ಅಂಚೆಯಣ್ಣ ಸೇರಿದ ದಿನ—ಎಪ್ಪತ್ತು. ಅದಕ್ಕೂ ಹಿಂದೆ ಅರವತ್ತೆಂಟು, ಅರವತ್ತಾರು... ಹನ್ನೊಂದು ತಿಂಗಳ ಹಿಂದೆ ಅರವತ್ತು. ಏಳು ಸಲ, ಸಲಕ್ಕೆ ಎರಡು ಸೆಕೆಂಡು.

ಬಾಗಿಲು ತೆರೆದ ಸಾಲು ನೋಡಿದಳು. ತಿಂಗಳಿಗೊಮ್ಮೆ ತಾನು ತೆರೆದದ್ದು ಅವಳ ಕಿರುಪುಸ್ತಕದಲ್ಲಿತ್ತು. ಅವುಗಳನ್ನೂ ಹಲ್ಲಿಯ ದಿನವನ್ನೂ ಬಿಟ್ಟರೆ ಉಳಿದದ್ದು ಏಳು. ಏಳೂ ಬೆಳಿಗ್ಗೆ ಏಳೂವರೆಗೆ, ರೋಗಿಗಳು ಓಣಿಗೆ ಬರುವ ಮೊದಲು. ಏಳಕ್ಕೂ ಬೀಗದ ಮಾವನ ಪುಸ್ತಕದಲ್ಲಿ ಸಹಿ ಇಲ್ಲ.

ಇಷ್ಟಾದ ಮೇಲೆ ಉಳಿಯುವ ಬೀಗದ ಕೈ ಎರಡೇ. ಒಂದು ತನ್ನದು.

ಆಗಬಾರದು, ದೇವರೇ, ಎಂದುಕೊಂಡಳು. ಅವರಿಗೇಕೆ ಇದು? ಯಾರ ಮೇಲೆ ಹಗೆ? ಯಾವ ಲಾಭ? ಕಣ್ಣು ಮಂಜಾಯಿತು, ಬೆರಳು ಜಾರಿ ಪಕ್ಕದ ಕಂಬಸಾಲಿನ ಮೇಲೆ ನಿಂತಿತು. ಪೆಟ್ಟಿಗೆಯೊಳಗಿನ ಸೆಕೆ. ದೀಪಗಳು ಬೆಂದುಹೋಗದಿರಲೆಂದು ಬರೆಸುವ ಅಂಕಿ; ಅದು ಏರಿದಾಗ ಮಾತ್ರ ನೋಡುವುದು, ಇಳಿದದ್ದನ್ನು ಯಾರೂ ನೋಡುವುದಿಲ್ಲ. ಬಾಗಿಲು ತೆರೆದ ಏಳು ಬೆಳಿಗ್ಗೆಗಳಲ್ಲಿ ಅಲ್ಲಿದ್ದ ಅಂಕಿಗಳು—ಒಂಬತ್ತು ಡಿಗ್ರಿ. ಎಂಟು. ಹತ್ತು. ಎಂಟು. ಏಳು. ಒಂಬತ್ತು. ಏಳು.

ಉಳಿದ ದಿನ ಹದಿನೆಂಟು, ಇಪ್ಪತ್ತು, ಇಪ್ಪತ್ತೆರಡು. ಇಡೀ ಬೇಸಿಗೆಯಲ್ಲಿ ಅವಳದಲ್ಲದ ಕೈ ಆ ಬಾಗಿಲನ್ನು ಒಮ್ಮೆಯೂ ಮುಟ್ಟಿರಲಿಲ್ಲ.

ಕಿಟಕಿಯಾಚೆ ಮಂಜು ಇನ್ನೂ ಕರಗಿರಲಿಲ್ಲ. ದೀಪದಕ್ಕ ತನಗರಿವಿಲ್ಲದೆ ಎಡಗಾಲಿನ ಹಳೇ ಮುರಿತ ನೀವಿಕೊಳ್ಳುತ್ತಿದ್ದಳು. ಕೈ ತಟಕ್ಕನೆ ನಿಂತಿತು. ತಲೆಯೆತ್ತಿ ನೋಡಿದಳು. ಓಣಿಯ ನಡುವೆ ಮೇಷ್ಟ್ರು ಇನ್ನೂ ಆ ಸರಳು ಹಿಡಿದೇ ನಿಂತಿದ್ದರು.

ಎಲ್ಲವೂ ತಿಳಿಯಿತು. ತಿಳಿಯದಿದ್ದರೆ ಚೆನ್ನಾಗಿತ್ತು ಎನ್ನಿಸಿತು.

ಮಧ್ಯಾಹ್ನ ಊಟವಾದ ಮೇಲೆ ಎಲ್ಲರೂ ಓಣಿಯಲ್ಲಿ ಸೇರಿದರು. ಡಾಕ್ಟರಮ್ಮ ಕೈಕಟ್ಟಿ ನಿಂತರು.

"ಹೇಳಮ್ಮ. ಯಾರು?"

"ಮೊದಲು ಯಾರಲ್ಲ ಅಂತ ಹೇಳ್ತೀನಿ" ಎಂದಳು ದೀಪದಕ್ಕ. "ಈ ಕಳವು ಶುರುವಾಗಿ ಹನ್ನೊಂದು ತಿಂಗಳಾಯ್ತು. ಅಂಚೆಯಣ್ಣ, ಅತ್ತಿಗೆ ಬಂದು ಎರಡೇ ತಿಂಗಳು. ಅವರು ಬರೋ ಹೊತ್ತಿಗೆ ಹತ್ತು ಸೆಕೆಂಡು ಹೋಗಿಬಿಟ್ಟಿತ್ತು."

ಅಂಚೆಯಣ್ಣನ ಹೆಂಡತಿ ಡಾಕ್ಟರಮ್ಮನ ಕಡೆ ನೋಡಿದಳು. ಡಾಕ್ಟರಮ್ಮ ಕಿಟಕಿಯ ಕಡೆ ನೋಡಿದರು.

"ಹನ್ನೊಂದು ತಿಂಗಳಾ?" ಎಂದರು ಅವರು ಆಮೇಲೆ. "ಈ ವರ್ಷ ಎಲ್ಲರೂ ಬೇಗ ಬೇಗ ಗುಣ ಆಗಿ ಹೋಗ್ತಿದ್ದಾರೆ ಅಂತ ನಾನು ಎರಡು ಸಭೇಲಿ ಭಾಷಣ ಮಾಡಿದ್ದೀನಲ್ಲ."

"ಮಾವನ ಕೈಯೂ ಅಲ್ಲ. ಅವರ ಪುಸ್ತಕದಲ್ಲಿ ಹಲ್ಲಿಗೂ ಲೆಕ್ಕ ಇದೆ. ಉಳಿದದ್ದು ಎರಡು ಬೀಗದ ಕೈ. ನನ್ನದು, ಇನ್ನೊಂದು. ನಾನು ಅಲ್ಲ ಅಂತ ಬರೀ ಬಾಯಿಮಾತಲ್ಲಿ ಹೇಳಿದ್ರೆ ನೀವು ನಂಬಬೇಕಾಗಿಲ್ಲ. ಪೆಟ್ಟಿಗೇನೇ ಹೇಳಲಿ." ಅವಳು ಏಳು ಅಂಕಿಗಳನ್ನೂ ಓದಿದಳು. "ವೇಗ ತಗ್ಗಿದ್ದೆಲ್ಲ ವರ್ಷದ ಅತಿ ಚಳಿ ಬೆಳಿಗ್ಗೆಗಳಲ್ಲಿ. ನಾನು ನೋಡದೆ ಬಿಟ್ಟ ಸುಳಿವು ಇದೇ."

"ಚಳಿಗೆ ಪೆಟ್ಟಿಗೆ ನಿಧಾನ ಆಗುತ್ತಾ?"

"ಪೆಟ್ಟಿಗೆಗೆ ಚಳಿ ಆಗಲ್ಲ ಡಾಕ್ಟರಮ್ಮ. ಸವೆದ ಮಂಡಿಗೆ ಆಗುತ್ತೆ. ದೀಪದ ಜೊತೆ ದಿನಾ ನಡೆಯೋ ಮಂಡಿಗೆ."

ಮುಂದಿನ ಮಾತು ದೀಪದಕ್ಕನ ನಾಲಿಗೆಯ ತುದಿಯಲ್ಲಿತ್ತು. ಅದನ್ನು ಆಚೆಗೆ ದೂಡುವ ಶಕ್ತಿ ಇರಲಿಲ್ಲ.

"ಪಾಠ ಅರ್ಧಕ್ಕೆ ನಿಲ್ಲಿಸಬಾರದು ಮಗಳೇ" ಎಂದರು ಮೇಷ್ಟ್ರು, ಮೆಲ್ಲಗೆ. "ಹೇಳು. ಬೀಳಲ್ಲ. ನಾನಿದ್ದೀನಿ."

"ನೀವೇ ಮೇಷ್ಟ್ರೇ" ಎಂದಳು ಅವಳು.

ಅವರು ತಲೆಯಾಡಿಸಿದರು. ಭಾರ ಇಳಿಸಿದವರಂತೆ ಸರಳಿಗೆ ಪೂರ್ತಿ ಒರಗಿದರು.

"ಮೊದಲ ಸಲ, ಅವತ್ತೂ ಹೀಗೇ ಮಂಜು. ಯಾರೂ ಬರೋ ಮೊದಲು ಒಬ್ಬನೇ ನಡೆದು ನೋಡ್ದೆ. ಆರನೇ ದೀಪ ನನ್ನನ್ನ ಬಿಟ್ಟು ಎರಡು ಹೆಜ್ಜೆ ಮುಂದೆ ಹೋಯ್ತು. ಪಕ್ಕದಲ್ಲಿ ನಡೆಯೋನೇ ಹಿಂದೆ ಬಿದ್ರೆ, ನಡೆಯೋರಿಗೆ ಧೈರ್ಯ ಎಲ್ಲಿಂದ ಬರಬೇಕು? ಒಂದೇ ಸಲ ಒತ್ತಿದೆ. ಬಿಸಿಲು ಬಂದ ಮೇಲೆ ವಾಪಸ್ ಏರಿಸಿಬಿಡ್ತೀನಿ ಅಂದ್ಕೊಂಡೆ. ಬಿಸಿಲು ಬಂತು. ಕಾಲು ಬರಲಿಲ್ಲ."

"ನನಗೆ ಹೇಳಬಾರದಿತ್ತಾ?" ಎಂದರು ಡಾಕ್ಟರಮ್ಮ. ದನಿಯಲ್ಲಿ ಕೋಪಕ್ಕಿಂತ ನೋವೇ ಹೆಚ್ಚಿತ್ತು.

"ಹೇಳಿದ್ರೆ ಕೂರಿಸಿಬಿಡ್ತಿದ್ರಿ." ಮೇಷ್ಟ್ರು ಅಂಚೆಯಣ್ಣನ ಕಡೆ ತಿರುಗಿ ಕೈ ಜೋಡಿಸಿದರು. "ನನ್ನ ಮಂಡಿ ಉಳಿಸಿಕೊಳ್ಳೋಕೆ ಹೋಗಿ ನಿಮ್ಮ ಬೀಟು ಕಳೆದೆ. ನಿನ್ನೆ ನೀವು ವಾಪಸ್ ಬಂದಾಗಲೇ ಹೇಳಬೇಕಿತ್ತು. ನಾಲಿಗೆ ಏಳಲಿಲ್ಲ."

ಅಂಚೆಯಣ್ಣ ಎರಡು ತಿಂಗಳು ಆ ಒಂದು ಬೆರಳನ್ನು ನಂಬಿ ನಡೆದವನು. ಸಿಟ್ಟು ಬಂದಿತ್ತು, ಅದು ಮುಖದಲ್ಲಿ ಬಂದು, ನಿಂತು, ದಾರಿ ಕಾಣದೆ ಮರಳಿತು.

"ನಿಮಗೂ ಮೇಜಿನ ಭಯನಾ ಮೇಷ್ಟ್ರೇ?" ಎಂದ ಕೊನೆಗೆ.

"ಕುರ್ಚಿ ಭಯ."

"ಕುರ್ಚಿ ಏನು ಮಾಡಿತ್ತು ನಿಮಗೆ?" ಇದು ಅಂಚೆಯಣ್ಣನ ಹೆಂಡತಿ. ಆಕೆ ಆ ಕುರ್ಚಿಯನ್ನು ದರದರ ಎಳೆದು ತಂದು ಮೇಷ್ಟ್ರ ಮುಂದೆ ಇಟ್ಟಳು. "ಎರಡು ತಿಂಗಳಿಂದ ಇದರಲ್ಲಿ ಕೂತೇ ನಾನು ಇವರನ್ನ ನಡೆಸಿಲ್ವಾ? ಕೂತ್ಕೊಳ್ಳಿ. ಬಾಯಿ ನಡೆಯುತ್ತಲ್ಲ, ಸಾಕು. ಅದಕ್ಕೆ ಮಂಡಿ ಬೇಡ."

ಮೇಷ್ಟ್ರು ಕುರ್ಚಿ ನೋಡಿದರು. ಡಾಕ್ಟರಮ್ಮನನ್ನು ನೋಡಿದರು. ಆಮೇಲೆ ಕೂತರು. ಮೂವತ್ತೈದು ವರ್ಷದಲ್ಲಿ ಆ ಓಣಿಯಲ್ಲಿ ಅವರು ಕೂತದ್ದನ್ನು ಯಾರೂ ಕಂಡಿರಲಿಲ್ಲ.

"ಈ ವರ್ಷ ಮನೆಗೆ ಹೋದವರೆಷ್ಟು ಜನ?" ಎಂದರು ಡಾಕ್ಟರಮ್ಮ.

"ಹತ್ತೊಂಬತ್ತು" ಎಂದರು ಮೇಷ್ಟ್ರು. ಲೆಕ್ಕ ಹಾಕಲಿಲ್ಲ, ಬಾಯಲ್ಲೇ ಇತ್ತು. "ಎಲ್ಲರನ್ನೂ ಮತ್ತೆ ಕರೆಸಿ ನಡೆಸಿ ನೋಡಬೇಕು. ಕಾಗದ ನಾನೇ ಬರೀತೀನಿ. ಏನಾಯ್ತು ಅಂತ ಇದ್ದದ್ದು ಇದ್ದ ಹಾಗೆ ಬರೀತೀನಿ."

"ಅದರಲ್ಲಿ ಏಳು ಮನೆ ನನ್ನ ಬೀಟಿನವು" ಎಂದ ಅಂಚೆಯಣ್ಣ. "ಆ ಕಾಗದ ಬೇರೆ ಯಾರ ಕೈಗೂ ಕೊಡಬೇಡಿ. ಹನ್ನೆರಡು ದಿನ ತಡೀರಿ."

ಮೇಷ್ಟ್ರು ತಮ್ಮ ಬೀಗದ ಕೈ ತೆಗೆದು ದೀಪದಕ್ಕನಿಗೆ ಚಾಚಿದರು. ಅವಳು ತೆಗೆದುಕೊಳ್ಳಲಿಲ್ಲ.

"ಇಳಿಸಿದ ಬೆರಳೇ ಏರಿಸಲಿ" ಎಂದಳು.

ಅವರು ಎದ್ದು ಗೂಡಿನವರೆಗೆ ಹೋದರು. ಒಂದು, ಎರಡು ಎಂದು ಬಾಯಲ್ಲಿ ಎಣಿಸುತ್ತ ಏಳು ಸಲ ಒತ್ತಿದರು. ಆರನೇ ಪಾಠ ಹಾಕಿದರು. ನೀಲಿ ಬೆಳಕು ಹೊರಟಿತು. ಅದರ ಹಿಂದೆ ಅಂಚೆಯಣ್ಣ ಹೊರಟ. ಐದ್ಹತ್ತು ಹೆಜ್ಜೆಗೆಲ್ಲ ಬೆಳಕು ಮುಂದಾಯಿತು. ಅವನ ಕಾಲು ಹಳೇ ಪಾಠದಲ್ಲೇ ಇತ್ತು.

"ದಾಟಬಾರದು ಅನ್ನೋ ನಿಯಮ ಇವತ್ತಿಂದ ರದ್ದು" ಎಂದು ಕುರ್ಚಿಗೆ ಮರಳಿದ ಮೇಷ್ಟ್ರು ಕೂಗಿದರು. "ಹಿಡೀರಿ ಅದನ್ನ. ನೋಡೋಣ."

ಅಂದು ಅವನು ಹಿಡಿಯಲಿಲ್ಲ. ಮರುದಿನವೂ ಇಲ್ಲ. ಸಂಜೆ ದೀಪದಕ್ಕ ಪೆಟ್ಟಿಗೆಗೆ ಒಂದು ಹೊಸ ಅಪ್ಪಣೆ ಬರೆದಳು: ಬೆಳಗಿನ ಸಾಲಿನಲ್ಲಿ ದೀಪದ ಲೆಕ್ಕದ ಜೊತೆಗೆ ಆರನೇ ಪಾಠ ಎಷ್ಟು ಸೆಕೆಂಡು ಎಂಬುದೂ ಬರಬೇಕು. ಕಂಡುಹಿಡಿದದ್ದರಲ್ಲಿ ಅವಳು ಓಣಿಯಲ್ಲಿ ಎಲ್ಲರೆದುರು ಹೇಳದೆ ಉಳಿಸಿದ್ದು ಒಂದೇ ಮಾತು. ಈ ಕಳವನ್ನು ಮೊದಲ ದಿನವೇ ಹಿಡಿದುಕೊಡಬಹುದಾಗಿದ್ದ ವಸ್ತು ಒಂದಿತ್ತು. ಅದು ಕಳವಿಗಿಂತ ಸ್ವಲ್ಪ ಮೊದಲೇ ಕಳೆದುಹೋಗಿತ್ತು. ಆ ಮಾತನ್ನು ಅವಳು ಹೊಟ್ಟೆಗೆ ಹಾಕಿಕೊಂಡಳು. ಮೂರು ತಿಂಗಳು ನಡೆಸಿದ ಬೆರಳಿಗೆ ಅಷ್ಟಾದರೂ ಬೇಡವೇ?

ಐದನೇ ದಿನ ಅಂಚೆಯಣ್ಣ ಬೆಳಕಿನ ಬಾಲ ಮುಟ್ಟಿದ. ಒಂಬತ್ತನೇ ದಿನ ತಲೆ ಮುಟ್ಟಿದ. ಕುರ್ಚಿಯಲ್ಲಿ ಕೂತ ಮೇಷ್ಟ್ರ ದನಿ, ಪಕ್ಕದ ಸ್ಟೂಲಿನಲ್ಲಿ ಕೂತ ಹೆಂಡತಿಯ ದನಿ—ಎರಡೂ ಸೇರಿ ಅವನನ್ನು ಓಣಿಯುದ್ದಕ್ಕೂ ಅಟ್ಟುತ್ತಿದ್ದವು. "ಇವರಿಬ್ಬರಿಂದ ತಪ್ಪಿಸಿಕೊಳ್ಳೋಕೇ ಬೇಗ ನಡೀತಿದ್ದೀನಿ" ಎಂದು ಅವನು ಬೀಗದ ಮಾವನಿಗೆ ಹೇಳಿದ.

ಹನ್ನೆರಡನೇ ದಿನ ಆಕಾಶ ತೊಳೆದಿಟ್ಟಂತಿತ್ತು. ಓಣಿಯ ಕಿಟಕಿಗಳಿಂದ ಬಿಸಿಲು ನೆಲದ ಮೇಲೆ ಚೌಕ ಚೌಕವಾಗಿ ಬಿದ್ದಿತ್ತು. ಹನ್ನೊಂದು ಗಂಟೆಗೆ ಅಂಚೆಯಣ್ಣ ಖಾಕಿ ಅಂಗಿ ತೊಟ್ಟು, ಚೀಲ ಹೆಗಲಿಗೇರಿಸಿಕೊಂಡೇ ಬಂದ.

"ಒಂಬತ್ತು ನಿಮಿಷ ಐವತ್ತೆರಡು" ಎಂದ. ಹೆಂಡತಿ ಹೆಣೆದು ಮುಗಿದಿದ್ದ ಕಾಲುಚೀಲದ ಜೋಡಿಯನ್ನು ಅವನ ಚೀಲಕ್ಕೆ ತುರುಕಿ, ಸೆರಗಿನಿಂದ ಮೂಗೊರೆಸಿಕೊಂಡಳು.

ಮೇಷ್ಟ್ರು ಬರೆದಿಟ್ಟಿದ್ದ ಹತ್ತೊಂಬತ್ತು ಕಾಗದಗಳ ಕಟ್ಟು ಕೊಟ್ಟರು. ಅವನು ಎಣಿಸಿ, ತನ್ನ ಬೀಟಿನ ಏಳನ್ನು ಮೇಲಿಟ್ಟುಕೊಂಡು ಹೊರಟ. ಓಣಿಯ ಬಾಗಿಲು ದಾಟುವವರೆಗೆ ಎಲ್ಲರೂ ಅವನ ಕಾಲನ್ನೇ ನೋಡಿದರು.

ಎಲ್ಲರೂ ಹೋದ ಮೇಲೆ ದೀಪದಕ್ಕ ಪೆಟ್ಟಿಗೆಯ ಧೂಳು ಒರೆಸುತ್ತ ಉಳಿದಳು. ಇನ್ನು ಆ ಕೆಲಸಕ್ಕೆ ಯಾರೂ ಇರಲಿಲ್ಲವಲ್ಲ.

"ಮಗಳೇ" ಎಂದರು ಮೇಷ್ಟ್ರು.

ಅವಳು ತಿರುಗಿದಳು. ಅವರು ಜೇಬಿನಿಂದ ಒಗೆದು ಮಡಿಸಿದ ಒಂದು ಕರವಸ್ತ್ರ ತೆಗೆದು ಅವಳ ಅಂಗೈಯಲ್ಲಿಟ್ಟರು. ಮಡಿಕೆಯಾಚೆ ತೊಗಲಿನ ಕಪ್ಪು ದಾರದ ತುದಿ ಇಣುಕುತ್ತಿತ್ತು. ಅವಳು ಬಿಚ್ಚಿದಳು. ಗಾಜಿನ ಮೇಲೆ ಅದೇ ಗೀರು. ಕೀಲಿ ತುಂಬ ಕೊಟ್ಟಿತ್ತು. ಚಿಕ್ಕ ಮುಳ್ಳು ಒಂದರ ಮೇಲೆ, ದೊಡ್ಡ ಮುಳ್ಳು ನೆತ್ತಿಯ ಮೇಲೆ ನಿಂತಿದ್ದವು. ಪೂರ್ತಿ ಒಂದು ನಿಮಿಷ.

ದೀಪದಕ್ಕ ಅದನ್ನು ಚೀಲದ ಪಕ್ಕದ ಜೇಬಿಗೆ ಇಳಿಸಿ, ಕರವಸ್ತ್ರವನ್ನು ಮೊದಲಿನ ಹಾಗೆಯೇ ಮಡಿಸಿ ಅವರ ಕೈಗೆ ಮರಳಿಸಿದಳು.